ಮೊಟ್ಟೆಗುಪ್ಪೆ ಕೆರೆಯುವ ಮುನ್ನ ಸೂಜಿತೂತು ನೋಡಿ

ನವೆಂಬರ್ ಬಂದು ಎಲೆಯೆಲ್ಲ ಉದುರಿದ ಮೇಲೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೆಸಾಚುಸೆಟ್ಸ್, ಮಿಷಿಗನ್ ಕಡೆಯ ಹಿತ್ತಿಲುಗಳಲ್ಲಿ ಓಕ್ ಮರದ ಕಾಂಡ ಬುಡದಿಂದ ತುದಿಯವರೆಗೂ ಬಯಲಾಗುತ್ತದೆ. ತೊಗಟೆಗೆ ಅಲ್ಲಲ್ಲಿ ಅಂಟಿಕೊಂಡ ಮಾಸಲು ಕಂದು ಬಣ್ಣದ, ಮೇಲೆಲ್ಲ ರೋಮ ಹೊದ್ದ ತೇಪೆಗಳು ಆಗ ಕಣ್ಣಿಗೆ ಬೀಳುತ್ತವೆ. ಉದ್ದ ಹೆಚ್ಚೆಂದರೆ ಒಂದೂವರೆ ಇಂಚು, ಅಗಲ ಮುಕ್ಕಾಲು ಇಂಚು. ಏನೋ ಬೂಷ್ಟು ಇರಬೇಕು ಎಂದುಕೊಂಡು ಸುಮ್ಮನಾಗುವುದು ಸುಲಭ. ಆದರೆ ಅದು ಸ್ಪಾಂಜಿ ಪತಂಗದ ಮೊಟ್ಟೆಗುಪ್ಪೆ. ಒಂದೊಂದರಲ್ಲೂ 100ರಿಂದ 1,000 ಮೊಟ್ಟೆ ಇರಬಹುದು. ಐದಾರು ನೂರು ಮಾಮೂಲು. ಏಪ್ರಿಲ್ ಕೊನೆ ಅಥವಾ ಮೇ ಮೊದಲಿಗೆ ಅವು ಒಡೆದು ಕಂಬಳಿಹುಳುಗಳು ಹೊರಬೀಳುತ್ತವೆ. ಬೆಳೆದು ಕೋಶ ಕಟ್ಟುವ ಹೊತ್ತಿಗೆ ಒಂದೊಂದು ಹುಳುವೂ ಸುಮಾರು ಒಂದು ಚದರ ಮೀಟರ್ ಎಲೆ ಮೇಯ್ದಿರುತ್ತದೆ.

ಅಮೆರಿಕದ ಆ ರಾಜ್ಯಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ನೆರೆಹೊರೆಯವರು ಕೊಡುವ ಸಲಹೆ ಒಂದೇ: ಕಂಡ ತಕ್ಷಣ ಕೆರೆದು ಹಾಕಿ. ಸಲಹೆ ತಪ್ಪೇನಲ್ಲ. ಆದರೆ ಕೆರೆಯುವ ಮುನ್ನ ಒಂದು ಭೂತಗನ್ನಡಿ ಹಿಡಿದು ಗುಪ್ಪೆಯ ಮೇಲ್ಮೈಯನ್ನು ನೋಡಬೇಕು. ರೋಮದ ನಡುವೆ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಂಡರೆ ಅಲ್ಲಿ ಬೇರೊಬ್ಬರು ಆಗಲೇ ಕೆಲಸ ಮಾಡಿ ಹೋಗಿದ್ದಾರೆ ಎಂದರ್ಥ. ಅದು ಜಪಾನಿನಿಂದ ತರಿಸಿದ, ಒಂದು ಮಿಲಿಮೀಟರಿನಷ್ಟೇ ಉದ್ದದ ಒಂದು ಕಪ್ಪು ಕಣಜ. ಕಚ್ಚುವುದಿಲ್ಲ, ಗೂಡು ಕಟ್ಟುವುದಿಲ್ಲ, ಮನುಷ್ಯರ ಗೊಡವೆಗೆ ಬರುವುದಿಲ್ಲ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವುದಷ್ಟೇ ಅದರ ಕಸುಬು. ಅದರ ಬಲವೆಷ್ಟು, ಮಿತಿಯೆಲ್ಲಿ ಎಂದು ತಿಳಿದವರಿಗೆ ಯಾವಾಗ ಕೆರೆಯಬೇಕು, ಏನನ್ನು ಮುಟ್ಟದೆ ಬಿಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ರೇಷ್ಮೆಯ ಆಸೆ ತಂದ ಪೀಡೆ

ಈ ಪತಂಗ ಅಮೆರಿಕದ್ದಲ್ಲ, ಯುರೋಪು, ಏಷ್ಯಾಗಳದ್ದು. ಎಟಿಯೆನ್ ಲಿಯೊಪೋಲ್ಡ್ ಟ್ರೂವೆಲೊ ಎಂಬ ಫ್ರೆಂಚ್ ಚಿತ್ರಕಾರ ಬಾಸ್ಟನ್ ಪಕ್ಕದ ಮೆಡ್‌ಫರ್ಡ್ ಊರಿನಲ್ಲಿ ನೆಲೆಸಿ ಕಾಡು ರೇಷ್ಮೆಹುಳುಗಳನ್ನು ಸಾಕುತ್ತಿದ್ದ. 1868-69ರ ಸುಮಾರಿಗೆ ಯುರೋಪಿನಿಂದ ಈ ಪತಂಗದ ಮೊಟ್ಟೆಗಳನ್ನೂ ತರಿಸಿಕೊಂಡ. ಕೆಲವು ಹುಳುಗಳು ಅವನ ಹಿತ್ತಿಲಿನಿಂದ ತಪ್ಪಿಸಿಕೊಂಡವು. ಆಮೇಲೆ ಅವನಿಗೆ ಹುಳುಗಳ ಗೀಳು ಬಿಟ್ಟು ಆಕಾಶದ ಗೀಳು ಹಿಡಿಯಿತು. ಹಾರ್ವರ್ಡ್ ವೀಕ್ಷಣಾಲಯ ಸೇರಿ ಅವನು ಬರೆದ ಗ್ರಹ, ಧೂಮಕೇತು, ನೀಹಾರಿಕೆಗಳ ಚಿತ್ರಗಳನ್ನು ಖಗೋಳಪ್ರಿಯರು ಇಂದಿಗೂ ಮೆಚ್ಚಿ ನೋಡುತ್ತಾರೆ. ಮೆಡ್‌ಫರ್ಡ್ ಜನರ ಪಾಲಿಗೆ ಉಳಿದದ್ದು ಹುಳು ಮಾತ್ರ.

ಇಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದ ಪೀಡೆ 1889ರಲ್ಲಿ ಏಕಾಏಕಿ ಊರಿಗೆ ಊರನ್ನೇ ಮುತ್ತಿತು. ಮರುವರ್ಷವೇ ಮೆಸಾಚುಸೆಟ್ಸ್ ಸರ್ಕಾರ ನಿರ್ಮೂಲನಕ್ಕೆ ಇಳಿಯಿತು. ಆಳುಗಳು ಮರ ಹತ್ತಿ ಒಂದೊಂದು ಮೊಟ್ಟೆಗುಪ್ಪೆಗೂ ಕ್ರಿಯೊಸೋಟ್ ಬಳಿದರು, ಪೊದೆ ಸುಟ್ಟರು, ವಿಷ ಸಿಂಪಡಿಸಿದರು. ಮುಂದೆ ಅರ್ಧ ಶತಮಾನ ಸೇಬಿನ ತೋಟಗಳನ್ನು ಆಳಿದ ಲೆಡ್ ಆರ್ಸಿನೇಟ್ ಎಂಬ ವಿಷ ಹುಟ್ಟಿದ್ದೂ ಈ ಹುಳುವಿನ ನೆಪದಲ್ಲೇ. ಹತ್ತು ವರ್ಷದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗಿ ಹುಳು ಅಪರೂಪವಾಯಿತು. ಅಪರೂಪವಾದ ಹುಳುವಿಗೆ ಇನ್ನೂ ಯಾಕೆ ದುಡ್ಡು ಎಂದು ಶಾಸಕರು 1900ರಲ್ಲಿ ಕೈಬಿಟ್ಟರು. ಐದೇ ವರ್ಷದಲ್ಲಿ ಅದು ಮೊದಲಿಗಿಂತ ದೊಡ್ಡ ಪ್ರದೇಶದಲ್ಲಿ ಎದ್ದು ಕುಳಿತಿತ್ತು.

ಬೇರೆ ದಾರಿ ಹುಡುಕಲೇಬೇಕಾದದ್ದು ಆಗ. ಅಮೆರಿಕದ ಕೃಷಿ ಇಲಾಖೆಯ ಕೀಟ ವಿಭಾಗದ ಮುಖ್ಯಸ್ಥ ಎಲ್. ಓ. ಹೊವಾರ್ಡ್ ಅವರ ತರ್ಕ ಸರಳವಾಗಿತ್ತು: ಹುಳು ತನ್ನ ಮೂಲ ನೆಲದಲ್ಲಿ ಹದ್ದುಮೀರುವುದು ಅಪರೂಪ, ಅಲ್ಲಿ ಅದನ್ನು ಹಿಡಿದಿಟ್ಟವರು ಯಾರೋ ಇದ್ದಾರೆ, ಅವರನ್ನು ತರಿಸಬೇಕು. 1905ರಲ್ಲಿ ಬಾಸ್ಟನ್ ಉತ್ತರಕ್ಕಿರುವ ಸಾಗಸ್‌ನಲ್ಲಿ ಪ್ರಯೋಗಾಲಯ ತೆರೆಯಿತು. ಯುರೋಪಿನಿಂದ, ಜಪಾನಿನಿಂದ ಪೆಟ್ಟಿಗೆ ಪೆಟ್ಟಿಗೆ ಮೊಟ್ಟೆ, ಹುಳು, ಕೋಶಗಳು ಹಡಗಿನಲ್ಲಿ ಬರತೊಡಗಿದವು. 1908-09ರಲ್ಲಿ ಜಪಾನಿನಿಂದ ಬಂದ ಮೊಟ್ಟೆಗಳೊಳಗೆ ನಮ್ಮ ಕಣಜವಿತ್ತು. ಜಪಾನಿನ ಕೀಟಶಾಸ್ತ್ರಜ್ಞ ಕುವಾನಾ ಅವರ ಹೆಸರನ್ನೇ ಹೊವಾರ್ಡ್ ಅದಕ್ಕಿಟ್ಟರು. ಈಗಿನ ಶಾಸ್ತ್ರೀಯ ಹೆಸರು ಊಯೆನ್‌ಸಿರ್ಟಸ್ ಕುವಾನೆ. ಪ್ರಯೋಗಾಲಯದಲ್ಲಿ ಸಾಕಿ, ಸಂಖ್ಯೆ ಹೆಚ್ಚಿಸಿ ಅದನ್ನು ಕಾಡಿಗೆ ಬಿಟ್ಟರು. ನೂರು ವರ್ಷ ದಾಟಿದರೂ ಅದು ಅಲ್ಲೇ ಇದೆ. ಪತಂಗ ಹರಡಿದ ಕಡೆಗೆಲ್ಲ ಹಿಂದೆಯೇ ಹರಡಿದೆ.

(ಹಳೆಯ ಕೈಪಿಡಿಗಳಲ್ಲಿ ಈ ಪತಂಗದ ಹೆಸರು ಜಿಪ್ಸಿ ಮಾತ್. ರೋಮಾ ಜನಾಂಗಕ್ಕೆ ಅವಹೇಳನವಾಗುತ್ತದೆಂದು ಅಮೆರಿಕದ ಕೀಟಶಾಸ್ತ್ರ ಸಂಘ 2022ರ ಮಾರ್ಚಿನಲ್ಲಿ ಸ್ಪಾಂಜಿ ಮಾತ್ ಎಂದು ಬದಲಿಸಿತು. ಮಾಹಿತಿ ಹುಡುಕುವವರು ಎರಡೂ ಹೆಸರಿನಲ್ಲಿ ಹುಡುಕಬೇಕು.)

ರೋಮದ ಹೊದಿಕೆಯೊಳಗೆ

ಹೆಣ್ಣು ಪತಂಗ ಜುಲೈ, ಆಗಸ್ಟಿನಲ್ಲಿ ಮೊಟ್ಟೆ ಇಡುತ್ತದೆ. ಅಮೆರಿಕಕ್ಕೆ ಬಂದದ್ದು ಯುರೋಪಿನ ತಳಿ. ಅದರ ಹೆಣ್ಣಿಗೆ ರೆಕ್ಕೆಯಿದ್ದರೂ ಹಾರಲಾಗದು. ಕೋಶದಿಂದ ಹೊರಬಂದ ಆಸುಪಾಸಿನಲ್ಲೇ ಮೊಟ್ಟೆಗಳನ್ನು ಪದರ ಪದರವಾಗಿ ಒಟ್ಟಿ, ತನ್ನ ಹೊಟ್ಟೆಯ ರೋಮಗಳಿಂದ ಮುಚ್ಚುತ್ತದೆ. ಚಳಿಗೂ ಶತ್ರುಗಳಿಗೂ ಅದೇ ಕವಚ.

ಬಿಸಿಲಿರುವ ಸೆಪ್ಟೆಂಬರ್, ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಕಣಜ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು, ಭೂತಗನ್ನಡಿಯೊಂದು ಸಾಕು. ಗುಪ್ಪೆಯ ಮೇಲೆ ಕಪ್ಪು ಚುಕ್ಕಿಗಳು ಓಡಾಡುತ್ತಿರುತ್ತವೆ. ಹೆಣ್ಣು ಕಣಜ ರೋಮಗಳ ನಡುವೆ ನುಸುಳಿ, ಮೀಸೆಗಳಿಂದ ಮೊಟ್ಟೆಯನ್ನು ತಟ್ಟಿ ತಟ್ಟಿ ನೋಡುತ್ತದೆ. ಒಪ್ಪಿಗೆಯಾದರೆ ತಿರುಗಿ ನಿಂತು, ಹೊಟ್ಟೆಯ ತುದಿಯ ಸೂಜಿಯನ್ನು ಮೊಟ್ಟೆಯ ಚಿಪ್ಪಿಗೆ ಊರುತ್ತದೆ. ಅದು ಒಳಗಿಡುವ ಮೊಟ್ಟೆಗೆ ಒಂದು ತೊಟ್ಟಿರುತ್ತದೆ, ಆ ತೊಟ್ಟಿನ ತುದಿ ಪತಂಗದ ಮೊಟ್ಟೆಯ ಚಿಪ್ಪಿನಿಂದ ಹೊರಗೇ ಉಳಿಯುತ್ತದೆ. ಒಳಗೆ ಒಡೆದ ಮರಿ ಆ ತೊಟ್ಟಿನ ಮೂಲಕವೇ ಹೊರಗಿನ ಗಾಳಿ ಸೇವಿಸುತ್ತ ಪತಂಗದ ಭ್ರೂಣವನ್ನು ತಿಂದು ಬೆಳೆಯುತ್ತದೆ. ಬೇಸಿಗೆಯ ಬಿಸುಪಿನಲ್ಲಿ ಮೂರು ನಾಲ್ಕು ವಾರಕ್ಕೆ ಕಣಜವಾಗಿ, ಚಿಪ್ಪನ್ನು ಕಡಿದು ಹೊರಬೀಳುತ್ತದೆ. ಭೂತಗನ್ನಡಿಯಲ್ಲಿ ಕಾಣುವ ಸೂಜಿತೂತು ಅದೇ. ಹೊರಬಂದ ಹೆಣ್ಣು ಅದೇ ಗುಪ್ಪೆಯಲ್ಲೋ ಪಕ್ಕದ್ದರಲ್ಲೋ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಹೀಗೆ ವರ್ಷಕ್ಕೆ ನಾಲ್ಕೈದು ತಲೆಮಾರು.

ಇಷ್ಟು ಚುರುಕಾದ ಶತ್ರು ಬೆನ್ನಿಗಿದ್ದೂ ಪತಂಗ ನಿರ್ನಾಮವಾಗಲಿಲ್ಲವೇಕೆ? ಉತ್ತರ ಆ ಸೂಜಿಯ ಉದ್ದದಲ್ಲಿದೆ. ಅದು ಗುಪ್ಪೆಯ ಮೇಲಿನ ಪದರಕ್ಕಷ್ಟೇ ತಲುಪುತ್ತದೆ. ಕೆಳಗಿನ ಪದರಗಳ ಮೊಟ್ಟೆಗಳು ಅಕ್ಕಪಕ್ಕದವುಗಳ ಮರೆಯಲ್ಲಿ ಸುರಕ್ಷಿತ. ಹಾಗಾಗಿ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು, ಮೂವತ್ತು ಮೊಟ್ಟೆ ಕಣಜದ ಪಾಲಾಗುತ್ತವೆ. ಒಳ್ಳೆಯ ವರ್ಷ ನಲವತ್ತರ ಹತ್ತಿರ. ಗುಪ್ಪೆ ಚಿಕ್ಕದಾದಷ್ಟೂ ಹೊರಮೈ ಹೆಚ್ಚು, ಮರೆ ಕಡಿಮೆ. ಕಣಜದ ಪಾಲು ದೊಡ್ಡದು. ದೊಡ್ಡ ಗುಪ್ಪೆಗಳಿರುವ ಕಡೆ, ಅಂದರೆ ಪತಂಗ ಏರುಗಾಲದಲ್ಲಿರುವಾಗ, ಅದರ ಪಾಲು ಕುಗ್ಗುತ್ತದೆ. ಬೇಕಾದಾಗಲೇ ಕೈ ಕಟ್ಟಿಹೋಗುವ ಸಹಾಯಕ ಎನ್ನದೆ ವಿಧಿಯಿಲ್ಲ.

ಇದರ ಜೊತೆಗೆ ಇನ್ನೊಂದು ಮೊಟ್ಟೆ ಕಣಜವೂ ಅದೇ ಕಾಲದಲ್ಲಿ ಅಮೆರಿಕಕ್ಕೆ ಬಂತು: ಅನಾಸ್ಟೇಟಸ್. ಅದರ ರೀತಿಯೇ ಬೇರೆ. ಹೊಸದಾಗಿ ಇಟ್ಟ ಮೊಟ್ಟೆ ಮಾತ್ರ ಬೇಕು, ಒಳಗೆ ಭ್ರೂಣ ಬೆಳೆದ ಮೇಲೆ ಒಲ್ಲದು. ವರ್ಷಕ್ಕೆ ಒಂದೇ ತಲೆಮಾರು. ಹಾರುವುದರಲ್ಲಿಯೂ ಅದರ ಹೆಣ್ಣು ಮಂದ. ಮರಿ ಪತಂಗದ ಮೊಟ್ಟೆಯೊಳಗೇ ಚಳಿಗಾಲ ಕಳೆದು ಮುಂದಿನ ಬೇಸಿಗೆಯಲ್ಲಿ ಹೊರಬರುತ್ತದೆ. ಕುವಾನೆ ಹಾಗಲ್ಲ. ಚಳಿ ಬಿದ್ದಾಗ ಅದರ ವಯಸ್ಕ ಹೆಣ್ಣುಗಳು ಗುಪ್ಪೆ ಬಿಟ್ಟು ಮರದ ಬುಡದ ತರಗೆಲೆಯ ಅಡಿ ಸೇರುತ್ತವೆ. ಏಪ್ರಿಲಿನಲ್ಲಿ ಎದ್ದು ಬಂದು, ಹುಳು ಒಡೆಯುವ ಮೊದಲೇ ಅವೇ ಮೊಟ್ಟೆಗಳ ಮೇಲೆ ಇನ್ನೊಂದು ಸುತ್ತು ದಾಳಿ ಮಾಡುತ್ತವೆ.

ಮನೆಯವರಿಗೆ ಇದೇ ಮುಖ್ಯ ಸುಳಿವು. ಸೆಪ್ಟೆಂಬರಿನಲ್ಲಿ ಗುಪ್ಪೆ ಕೆರೆದರೆ ಅದರೊಳಗೆ ಬೆಳೆಯುತ್ತಿರುವ ಕುವಾನೆ ಮರಿಗಳೂ ಸಾಯುತ್ತವೆ. ಡಿಸೆಂಬರಿನಿಂದ ಮಾರ್ಚಿನೊಳಗೆ ಕೆರೆದರೆ ಬದುಕುಳಿದ ಕುವಾನೆಗಳು ಆಗಲೇ ತರಗೆಲೆಯಡಿ ಇರುತ್ತವೆ; ನಷ್ಟ ಬಹುಪಾಲು ಪತಂಗದ್ದೇ, ಮೊಟ್ಟೆಯೊಳಗೇ ಚಳಿಗಾಲ ಕಳೆಯುವ ಅನಾಸ್ಟೇಟಸ್ ಮರಿಗಳಿದ್ದರೆ ಅವೂ ಹೋಗುತ್ತವೆ ಅಷ್ಟೆ. ಆ ತರಗೆಲೆಯನ್ನೆಲ್ಲ ಬ್ಲೋವರ್ ಹಿಡಿದು ಒಟ್ಟಿ ಚೀಲಕ್ಕೆ ತುಂಬಿ ಕಸದ ಲಾರಿಗೆ ಹಾಕುವ ಅಭ್ಯಾಸವಿದ್ದರೆ, ಓಕ್ ಮರದ ಬುಡದಲ್ಲಾದರೂ ಬಿಡುವುದು ಒಳ್ಳೆಯದು. ಹುಲ್ಲುಹಾಸು ಚೊಕ್ಕಟ ಇಲ್ಲವೆಂದು ಪಕ್ಕದ ಮನೆಯವರು ಗೊಣಗಬಹುದು. ಗೊಣಗಲಿ.

ಎಣಿಸಿ, ಆಮೇಲೆ ಕೆರೆಯಿರಿ

ಮೊದಲು ಗುಪ್ಪೆ ಈ ವರ್ಷದ್ದೋ ಹಳೆಯದೋ ಗೊತ್ತುಮಾಡಿಕೊಳ್ಳಬೇಕು. ಹೊಸದು ಗಟ್ಟಿಯಾಗಿರುತ್ತದೆ, ಬಣ್ಣ ಗಾಢ. ಹಳೆಯದು ಮಂಕಾಗಿ, ಒತ್ತಿದರೆ ಮೆತ್ತಗೆ ತಗ್ಗಿ, ಮೈತುಂಬ ತೂತಾಗಿರುತ್ತದೆ. ಅದರಿಂದ ಹುಳು ಹೋಗಿ ಆಗಿದೆ, ಭಯವಿಲ್ಲ. ಚಳಿಗಾಲದ ಹೊಸ ಗುಪ್ಪೆಯಲ್ಲಿ ಸೂಜಿತೂತು ಕಂಡರೆ ಅದು ಕಣಜದ್ದೇ, ಏಕೆಂದರೆ ಹುಳು ಒಡೆಯುವ ಕಾಲ ಇನ್ನೂ ಬಂದಿಲ್ಲ.

ಗಾತ್ರವೂ ಕಥೆ ಹೇಳುತ್ತದೆ. ಗುಪ್ಪೆಗಳು ಕಾಲು ಡಾಲರ್ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡವಿದ್ದರೆ ಪತಂಗ ಪುಷ್ಟಿಯಾಗಿದೆ, ಬರುವ ವರ್ಷ ಹೆಚ್ಚುತ್ತದೆ. ಹತ್ತು ಸೆಂಟಿನ ನಾಣ್ಯದಷ್ಟು ಚಿಕ್ಕವಿದ್ದರೆ ಅದರ ಕಾಲ ಇಳಿಯುತ್ತಿದೆ.

ಮರಗಳು ಹೆಚ್ಚಿರುವವರು ಎಣಿಕೆ ಮಾಡುವುದು ಕಷ್ಟವಲ್ಲ. ಒಂದು ಮರದ ಬುಡಕ್ಕೆ 18.6 ಅಡಿ ಉದ್ದದ ಹಗ್ಗ ಕಟ್ಟಿ ಸುತ್ತು ಬರಬೇಕು. ಆ ವೃತ್ತದ ವಿಸ್ತೀರ್ಣ ಎಕರೆಯ ನಲವತ್ತನೇ ಒಂದು ಭಾಗ. ಅದರೊಳಗಿನ ಕಾಂಡ, ಕೊಂಬೆಗಳ ಅಡಿಭಾಗ, ಕಲ್ಲು, ಬೇಲಿ, ಸೌದೆ ಎಲ್ಲದರ ಮೇಲಿನ ಹೊಸ ಗುಪ್ಪೆಗಳನ್ನು ಎಣಿಸಿ 40ರಿಂದ ಗುಣಿಸಿದರೆ ಎಕರೆಗೆ ಎಷ್ಟೆಂದು ಸಿಗುತ್ತದೆ. ಎತ್ತರದ ಕೊಂಬೆಗಳಿಗೆ ದುರ್ಬೀನು ಬೇಕು. ಎಕರೆಗೆ 500 ದಾಟಿದರೆ ಎಲೆ ಬರಿದಾಗುವುದು ಎದ್ದು ಕಾಣುವಷ್ಟು ಇರುತ್ತದೆ. 1,000 ದಾಟಿದರೆ ಮರಗಳು ಬೋಳಾಗುತ್ತವೆ. ಅಷ್ಟಿದ್ದಾಗ ಚಾಕು ಹಿಡಿದು ಕೆರೆಯುವುದರಿಂದ ಕಾಡು ಉಳಿಯದು; ಮನೆಯೆದುರಿನ ಒಂದೆರಡು ಮರ ಉಳಿಯಬಹುದು.

ಕೆರೆಯುವಾಗ ಕೈಗೆ ಗವಸು ಬೇಕೇಬೇಕು. ಆ ರೋಮ ಚರ್ಮಕ್ಕೆ ತಾಗಿದರೆ ತುರಿಕೆ, ದದ್ದು; ಗಾಳಿಗೆ ಹಾರಿದರೆ ಕಣ್ಣು, ಮೂಗಿಗೂ ತೊಂದರೆ. ಮೊಂಡು ಚಾಕು ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಗುಪ್ಪೆಯನ್ನು ಬುಡಸಮೇತ ಎಬ್ಬಿಸಿ, ಕೆಳಗೆ ಹಿಡಿದ ಡಬ್ಬಿಗೆ ಬೀಳಿಸಬೇಕು. ಸಾಬೂನು ನೀರಿನಲ್ಲಿ ಎರಡು ದಿನ ನೆನೆಹಾಕಿ ಆಮೇಲೆ ಕಸಕ್ಕೆ ಹಾಕಿದರೆ ಮುಗಿಯಿತು. ಬಹಳ ಮಂದಿ ಎಡವುವುದು ಇಲ್ಲೇ: ಕೆರೆದು ನೆಲಕ್ಕೆ ಬೀಳಿಸಿ ಕಾಲಲ್ಲಿ ಹೊಸಕಿದರೆ ಕೆಲಸವಾಗದು. ನೆಲಕ್ಕೆ ಬಿದ್ದ ಮೊಟ್ಟೆ ಸಾಯುವುದಿಲ್ಲ. ಹಿಮ ಮುಚ್ಚಿದರೆ ಮರದ ಮೇಲಿದ್ದುದಕ್ಕಿಂತ ಚೆನ್ನಾಗಿಯೇ ಬದುಕುತ್ತದೆ. ಮೈನಸ್ 30 ಡಿಗ್ರಿ ಸೆಲ್ಸಿಯಸ್ ಹತ್ತಿರದ ಚಳಿ ಬಯಲಲ್ಲಿರುವ ಮೊಟ್ಟೆಗಳನ್ನು ಕೊಲ್ಲುತ್ತದೆ, ಹಿಮದ ಅಡಿಯವನ್ನಲ್ಲ.

ಕೈಗೆಟುಕದ ಗುಪ್ಪೆಗಳನ್ನು ಕಣಜಕ್ಕೇ ಬಿಡಿ. ಏಣಿ ಹಾಕಿ ಹಿಮ ಮೆತ್ತಿದ ಕೊಂಬೆಗೆ ಹತ್ತುವುದು ಯಾವ ಲೆಕ್ಕದಲ್ಲೂ ಬುದ್ಧಿವಂತಿಕೆಯಲ್ಲ.

ಮೇ ತಿಂಗಳಲ್ಲಿ ಹುಳು ಅರ್ಧ ಇಂಚಿಗಿಂತ ಚಿಕ್ಕದಿರುವಾಗ ಬಿಟಿ ಎಂದು ಕರೆಯುವ ಬ್ಯಾಕ್ಟೀರಿಯಾ ದ್ರಾವಣ ಸಿಂಪಡಿಸಬಹುದು. ಅದು ಕಣಜಕ್ಕೆ ಹಾನಿ ಮಾಡುವುದಿಲ್ಲ, ಆದರೆ ಎಲೆ ತಿನ್ನುವ ಉಳಿದ ಚಿಟ್ಟೆ, ಪತಂಗಗಳ ಹುಳುಗಳನ್ನೂ ಕೊಲ್ಲುತ್ತದೆ. ಹಾಗಾಗಿ ಎಣಿಕೆ ನೋಡದೆ ಸಿಂಪಡಿಸಬಾರದು. ಜೂನಿನಲ್ಲಿ ಹುಳು ದೊಡ್ಡದಾದ ಮೇಲೆ ಗೋಣಿತಟ್ಟಿನ ಉಪಾಯವಿದೆ: ಕಾಂಡಕ್ಕೆ ಎದೆಯೆತ್ತರದಲ್ಲಿ ತಟ್ಟು ಸುತ್ತಿ, ನಡುವೆ ಹುರಿ ಕಟ್ಟಿ, ಮೇಲರ್ಧವನ್ನು ಕೆಳಗೆ ಮಡಚಬೇಕು. ಹಗಲು ನೆರಳಿಗೆಂದು ಹುಳುಗಳು ಅದರಡಿ ಸೇರುತ್ತವೆ. ದಿನಾ ಮಧ್ಯಾಹ್ನ ಅವನ್ನು ಗುಡಿಸಿ ಸಾಬೂನು ನೀರಿಗೆ ಹಾಕಬೇಕು. ಗುರುತು ಸುಲಭ: ಬೆನ್ನಿನ ಮೇಲೆ ತಲೆಯ ಕಡೆಯಿಂದ ಐದು ಜೋಡಿ ನೀಲಿ ಚುಕ್ಕಿ, ಆಮೇಲೆ ಆರು ಜೋಡಿ ಕೆಂಪು ಚುಕ್ಕಿ.

ಕಾಂಡದ ಮೇಲೆ ಸತ್ತು ನೇತಾಡುವ ಹುಳುಗಳನ್ನು ಮಾತ್ರ ತೆಗೆಯಬಾರದು. ತಲೆ ಕೆಳಗಾಗಿ ನೆಟ್ಟಗೆ ಜೋತುಬಿದ್ದದ್ದು ಎಂಟೊಮೊಫಾಗ ಮೈಮೈಗ ಎಂಬ ಶಿಲೀಂಧ್ರದಿಂದ ಸತ್ತದ್ದು. ಮಧ್ಯಕ್ಕೆ ಸಿಕ್ಕಿಕೊಂಡು ಎರಡೂ ತುದಿ ಕೆಳಗೆ ಬಾಗಿದ್ದರೆ ಅದು ವೈರಸ್ ರೋಗ. ಎರಡೂ ಉಳಿದ ಹುಳುಗಳಿಗೆ ಹರಡುತ್ತವೆ. ನಿಜ ಹೇಳಬೇಕೆಂದರೆ ಪತಂಗದ ಹಾವಳಿಯನ್ನು ಕೊನೆಗೆ ಮುರಿಯುವುದು ಈ ರೋಗಗಳೇ, ಕಣಜವಲ್ಲ. 1981ರಲ್ಲಿ ಅಮೆರಿಕದ 129 ಲಕ್ಷ ಎಕರೆ ಕಾಡು ಎಲೆ ಕಳೆದುಕೊಂಡಾಗಲೂ ಕಣಜ ಅಲ್ಲೇ ಇತ್ತು. 1989ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಶಿಲೀಂಧ್ರ ಮೊದಲ ಬಾರಿ ವ್ಯಾಪಕವಾಗಿ ಕಂಡಿತು. ಮಳೆಯಾದ ವಸಂತಗಳಲ್ಲಿ ಅದು ಹುಳುಗಳನ್ನು ರಾಶಿ ರಾಶಿ ಕೆಡವುತ್ತದೆ, ಒಣ ವಸಂತದಲ್ಲಿ ಕೈಕೊಡುತ್ತದೆ.

ಒಮ್ಮೆ ಎಲೆ ಕಳೆದುಕೊಂಡ ಆರೋಗ್ಯವಂತ ಓಕ್ ಜುಲೈ ಹೊತ್ತಿಗೆ ಮತ್ತೆ ಚಿಗುರುತ್ತದೆ. ಗಾಬರಿಯಾಗಿ ಕಡಿಸಬೇಡಿ, ಒಣಹವೆಯಿದ್ದರೆ ನೀರು ಕೊಡಿ. ಎರಡು ಮೂರು ವರ್ಷ ಸತತವಾಗಿ ಬೋಳಾದರೆ ಅಪಾಯ. ಪೈನ್, ಸ್ಪ್ರೂಸ್, ಹೆಮ್ಲಾಕ್ ಮರಗಳಿಗೆ ಆ ತಾಳಿಕೆ ಇಲ್ಲ. ಒಂದೇ ಸಲ ಪೂರ್ತಿ ಬೋಳಾದರೂ ಸಾಯಬಹುದು. ಕೆರೆಯಲು ಸಮಯ ಕಡಿಮೆ ಇದ್ದರೆ ಅವುಗಳಿಂದ ಶುರುಮಾಡಿ.

ಎಲ್ಲ ಕಣಜವೂ ಎಲ್ಲ ಮೊಟ್ಟೆಗೆ ಆಗದು

ಮೊಟ್ಟೆ ಕಣಜ ಎಂದೊಡನೆ ಕರ್ನಾಟಕದ ರೈತರಿಗೆ ನೆನಪಾಗುವುದು ಟ್ರೈಕೋಗ್ರಾಮ ಎಂಬ ಕಣಜ ಹೊಕ್ಕ ಮೊಟ್ಟೆಗಳನ್ನು ಅಂಟಿಸಿ ಮಾರುವ ಟ್ರೈಕೋ ಕಾರ್ಡು. ಟ್ರೈಕೋಗ್ರಾಮ ಕಣಜ ಕುವಾನೆಗಿಂತಲೂ ಚಿಕ್ಕದು. ಅಮೆರಿಕದ ತೋಟಗಾರಿಕೆ ಅಂಗಡಿಗಳೂ ಅದನ್ನು ಮಾರುತ್ತವೆ. ಅದನ್ನು ತಂದು ಓಕ್ ಮರಕ್ಕೆ ಕಟ್ಟಿದರೆ ಸ್ಪಾಂಜಿ ಪತಂಗ ಹೋದೀತೇ? ದುಡ್ಡು ದಂಡ. ಟ್ರೈಕೋಗ್ರಾಮಕ್ಕೆ ಹಿಡಿಸುವುದು ಹೊದಿಕೆಯಿಲ್ಲದೆ ಬಯಲಲ್ಲಿರುವ ಮೊಟ್ಟೆ; ರೋಮದ ಕಂತೆಯನ್ನು ಭೇದಿಸಿ ಒಳಗಿನದನ್ನು ಮುಟ್ಟುವ ಶಕ್ತಿ ಅದಕ್ಕಿಲ್ಲ.

ಇದೇ ಪಾಠ ನಮ್ಮ ಮೆಕ್ಕೆಜೋಳದ ಹೊಲಗಳಲ್ಲೂ ಆಗಿದೆ. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲು ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳು ಕೂಡ ಮೊಟ್ಟೆಗಳನ್ನು ಗುಂಪಾಗಿ ಇಟ್ಟು ಮೇಲೆ ಹುರುಪೆಯಂಥ ರೋಮ ಹೊದಿಸುತ್ತದೆ. ಅದಕ್ಕೆ ಟ್ರೈಕೋಗ್ರಾಮ ಬಿಟ್ಟಾಗ ಹೊದಿಕೆ ತೆಳುವಾಗಿರುವ ಕಡೆ ಕೆಲಸ ಚೆನ್ನಾಗಿ ಆಗುತ್ತದೆ, ದಟ್ಟವಾಗಿರುವ ಕಡೆ ಆಗದು. ಟೆಲಿನೋಮಸ್ ರೀಮಸ್ ಎಂಬ ಇನ್ನೊಂದು ಮೊಟ್ಟೆ ಕಣಜ ಆ ರೋಮದೊಳಗೆ ನುಗ್ಗಿ ಕೆಳಪದರವನ್ನೂ ತಲುಪುತ್ತದೆ. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎರಡನ್ನೂ ಶಿಫಾರಸು ಮಾಡಿದೆ.

ಕಾರ್ಡು ಬಳಸುವವರಿಗೆ ಒಂದಿಷ್ಟು ಮಾತು ಇಲ್ಲೇ ಹೇಳಿಬಿಡಬಹುದು. ಒಂದು ಕಾರ್ಡಿನಲ್ಲಿ ಅಕ್ಕಿ ಪತಂಗದ 18ರಿಂದ 20 ಸಾವಿರ ಮೊಟ್ಟೆ ಅಂಟಿಸಿರುತ್ತಾರೆ. ಕಣಜ ಹೊಕ್ಕ ಮೊಟ್ಟೆ ಮೂರು ನಾಲ್ಕು ದಿನಕ್ಕೆ ಕಪ್ಪಾಗುತ್ತದೆ; ಕಾರ್ಡು ಬಹುಪಾಲು ಕಪ್ಪಾಗಿರದಿದ್ದರೆ ಕೊಳ್ಳಬೇಡಿ. ಕಬ್ಬಿನ ಸುಳಿ ಕೊರಕಕ್ಕೆ ನಾಟಿಯಾದ ಒಂದು ತಿಂಗಳಿಂದ ವಾರ, ಹತ್ತು ದಿನಕ್ಕೊಮ್ಮೆ ಹೆಕ್ಟೇರಿಗೆ 50,000ದಂತೆ ಬಿಡುವುದು ರೂಢಿ. ಕಾರ್ಡನ್ನು ತುಂಡು ಮಾಡಿ ಎಲೆಯ ಅಡಿಗೆ ಸ್ಟೇಪಲ್ ಹೊಡೆಯಬೇಕು: ಬಿಸಿಲು ತಾಗಬಾರದು, ಇರುವೆ ಹತ್ತಬಾರದು. ಬೆಳಗ್ಗೆ ಅಥವಾ ಸಂಜೆ ಹೊತ್ತು ಮಾತ್ರ. ಹಿಂದೆ ಮುಂದೆ ಒಂದು ವಾರ ಕೀಟನಾಶಕ ಬಂದ್. ಪತಂಗ ಮೊಟ್ಟೆ ಇಡುವ ಸಮಯಕ್ಕೆ ಸರಿಯಾಗಿ ಬಿಡದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ, ಏಕೆಂದರೆ ಹುಳು ಒಡೆದ ಮೇಲೆ ಮೊಟ್ಟೆ ಕಣಜಕ್ಕೆ ಕೆಲಸವೇ ಇಲ್ಲ.

ಹೊಲದಲ್ಲಿ ಸಾಧ್ಯವಾದದ್ದು ಕಾಡಿನಲ್ಲಿ ಕಷ್ಟ. ಮರದ ಎತ್ತರ, ಸಾವಿರಾರು ಎಕರೆ ಹರವು, ಕಾರ್ಡು ಕಟ್ಟುವವರು ಯಾರು? ಕೆನಡಾದ ಒಂಟಾರಿಯೊದಲ್ಲಿ 1980ರ ದಶಕದಲ್ಲಿ ಸ್ಪ್ರೂಸ್ ಮೊಗ್ಗುಹುಳುವಿನ ಮೇಲೆ ಟ್ರೈಕೋಗ್ರಾಮವನ್ನು ಆಕಾಶದಿಂದ ಸುರಿದು ನೋಡಿದರು. ಮೊಟ್ಟೆಗಳೇನೋ ಸಾಕಷ್ಟು ನಾಶವಾದವು, ಆದರೆ ಖರ್ಚು ಬಿಟಿ ಸಿಂಪಡಣೆಗೆ ಸರಿಗಟ್ಟಲಿಲ್ಲ. ಒಮ್ಮೆ ಬಿಟ್ಟರೆ ತಾನೇ ನೆಲೆಯೂರುವ ಕುವಾನೆಯಂಥ ಕಣಜಕ್ಕೆ ಕಾಡಿನಲ್ಲಿ ಬೆಲೆ ಬಂದದ್ದು ಇದಕ್ಕೇ.

ಬೆಂಗಳೂರಿಗೂ ಈ ಪತಂಗಕ್ಕೂ ಹಳೆಯ ನಂಟಿದೆ. ಅದರ ಹತ್ತಿರದ ಸಂಬಂಧಿಯೊಂದು ಕಾಶ್ಮೀರ, ಹಿಮಾಚಲಗಳಲ್ಲಿ ವಿಲೋ, ಪಾಪ್ಲರ್, ಸೇಬಿನ ಮರಗಳನ್ನು ಬೋಳಿಸುತ್ತದೆ. ಅದರ ಮೊಟ್ಟೆಗಳಿಗೂ ಅನಾಸ್ಟೇಟಸ್ ಕುಲದ ಕಣಜ ಗಂಟುಬಿದ್ದಿದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ, 1960ರ ದಶಕದಲ್ಲಿ ಅಮೆರಿಕದ ಕಾಡುಗಳಿಗೆಂದೇ ಈ ಗುಂಪಿನ ಪತಂಗಗಳ ಸಹಜ ಶತ್ರುಗಳನ್ನು ಹುಡುಕಿಕೊಟ್ಟಿತು. ಹಣ ಬಂದದ್ದು ಪಿ.ಎಲ್. 480 ನಿಧಿಯಿಂದ, ಅಂದರೆ ಅಮೆರಿಕದಿಂದ ಬಂದ ಗೋಧಿಗೆ ಭಾರತ ರೂಪಾಯಿಯಲ್ಲಿ ತೆತ್ತ ಹಣದಿಂದ. ಆ ಹೆಸರು ಕೇಳಿದರೆ ಹಿರಿಯರಿಗೆ ರೇಷನ್ ಅಂಗಡಿಯ ಕೆಂಪು ಗೋಧಿ ನೆನಪಾಗುತ್ತದೆ. ಗೋಧಿಯ ರೂಪಾಯಿ ಕಣಜ ಹುಡುಕುವುದಕ್ಕೂ ಖರ್ಚಾಗಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲದ ಸಂಗತಿ.

ಹೊರಗಿನಿಂದ ತಂದ ಶತ್ರುಗಳೆಲ್ಲ ಕುವಾನೆಯಷ್ಟು ಸಾಧುವಲ್ಲ. 1906ರಲ್ಲಿ ಇದೇ ಪತಂಗಕ್ಕೆಂದು ಯುರೋಪಿನಿಂದ ತಂದ ಕಾಂಪ್ಸಿಲೂರಾ ಎಂಬ ನೊಣ ನೂರೆಂಬತ್ತಕ್ಕೂ ಹೆಚ್ಚು ಬಗೆಯ ಕೀಟಗಳ ಮೇಲೆ ಎರಗುತ್ತದೆ. ಅಮೆರಿಕದ ದೊಡ್ಡ ರೇಷ್ಮೆ ಪತಂಗಗಳು ಈಶಾನ್ಯ ರಾಜ್ಯಗಳಲ್ಲಿ ವಿರಳವಾದದ್ದಕ್ಕೆ ಅದೂ ಕಾರಣವೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜೈವಿಕ ನಿಯಂತ್ರಣ ಎಂದಾಕ್ಷಣ ಕಣ್ಣುಮುಚ್ಚಿ ಒಪ್ಪುವವರು ಈ ನೊಣವನ್ನು ನೆನಪಿಡಬೇಕು.

ಕುವಾನೆಯ ವಿಷಯದಲ್ಲಿ ಮಾತ್ರ ಎದುರಾದದ್ದು ಸಂತೋಷದ ಅಚ್ಚರಿ. 2014ರಲ್ಲಿ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ ಪತ್ತೆಯಾಗಿ ದ್ರಾಕ್ಷಿ ತೋಟಗಳನ್ನು ಕಾಡುತ್ತಿರುವ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ, ಅಂದರೆ ಕಂಡಲ್ಲಿ ತುಳಿದು ಸಾಯಿಸಿ ಎಂದು ಅಲ್ಲಿನ ಸರ್ಕಾರಗಳೇ ಹೇಳುವ ಆ ಬಣ್ಣದ ಜಿಗಿಹುಳು, ಅದರ ಮೊಟ್ಟೆಗಳಿಂದಲೂ ಕುವಾನೆ ಕಣಜ ಹೊರಬಂದದ್ದನ್ನು ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಪ್ರಮಾಣ ಕಡಿಮೆ, ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಆ ಮೊಟ್ಟೆಗಳನ್ನೂ ಚಳಿಗಾಲದಲ್ಲಿ ಕೆರೆಯಬೇಕು: ಒಣಗಿದ ಕೆಸರು ಮೆತ್ತಿದಂತೆ ಕಾಣುತ್ತವೆ, ರೋಮವಿರುವುದಿಲ್ಲ.

ಊರು ಬದಲಿಸುವವರಿಗೆ

ಕೆಲಸದ ನಿಮಿತ್ತ ನ್ಯೂಜೆರ್ಸಿಯಿಂದ ಟೆಕ್ಸಾಸಿಗೋ ಕ್ಯಾಲಿಫೋರ್ನಿಯಾಕ್ಕೋ ಮನೆ ಸಾಗಿಸುವುದು ಅಲ್ಲಿನ ನಮ್ಮವರಿಗೆ ಮಾಮೂಲು. ಹಾರಲಾಗದ ಹೆಣ್ಣು ಪತಂಗ ದೂರದ ಊರು ಸೇರುವುದು ಹೀಗೆ ಸಾಗುವ ಸಾಮಾನಿನ ಮೇಲೆಯೇ. ಪತಂಗ ನೆಲೆಯಾದ ಪ್ರದೇಶದಿಂದ ಅದಿಲ್ಲದ ಪ್ರದೇಶಕ್ಕೆ ಹೋಗುವಾಗ ಹೊರಗಿಟ್ಟ ಸಾಮಾನುಗಳನ್ನು ತಪಾಸಣೆ ಮಾಡಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ನಿಯಮ. ಅಧಿಕಾರಿಗಳೇ ಬರಬೇಕೆಂದಿಲ್ಲ, ಮನೆಯವರೇ ನೋಡಿ, ಇಲಾಖೆಯ ತಪಾಸಣಾ ಪಟ್ಟಿ ತುಂಬಬಹುದು. ಗ್ರಿಲ್ಲಿನ ಅಡಿ, ಮಕ್ಕಳ ಉಯ್ಯಾಲೆಯ ಕೊಳವೆ, ಹೂಕುಂಡದ ಅಂಚು, ಸೈಕಲ್ಲಿನ ಸೀಟಿನ ತಳ, ಹಿತ್ತಿಲ ಮೇಜಿನ ಕೆಳಮೈ, ಕಾರಿನ ಚಕ್ರದ ಒಳಗೋಡೆ, ಗುಡಾರದ ಮಡಿಕೆ, ಇವೆಲ್ಲ ಗುಪ್ಪೆ ಅಡಗುವ ಜಾಗಗಳು. ಹೊಸ ಊರಿಗೆ ಪತಂಗ ಹೋದರೂ ಅದರ ಬೆನ್ನಿಗೆ ಕಣಜ ಬರುವುದಕ್ಕೆ ವರ್ಷಗಳೇ ಹಿಡಿಯಬಹುದು. ಸೌದೆಯನ್ನು ಜೊತೆಗೆ ಒಯ್ಯಲೇಬೇಡಿ. ಪಟ್ಟಿಗೆ ದಿನಾಂಕ ಹಾಕಿ, ಸಹಿ ಮಾಡಿ, ಸಾಮಾನು ತುಂಬಿದ ಲಾರಿಯ ಡ್ರೈವರ್ ಕೈಗೆ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ.